ಅರ್ಥವಿಲ್ಲದ ಅಕ್ಷರವೊಂದರ ಚರಿತ್ರೆ

ಜಪಾನೀ ಭಾಷೆಯನ್ನು ತೋರಿಸಬಲ್ಲ ಕಂಪ್ಯೂಟರುಗಳಲ್ಲಿ, ಮೊಬೈಲ್ ಫೋನುಗಳಲ್ಲಿ ಒಂದು ವಿಚಿತ್ರ ಅಕ್ಷರವಿದೆ. ಅದರ ಎಡಭಾಗದಲ್ಲಿ ‘ಬಿಲ್ಲು’ ಎಂಬ ಅರ್ಥದ ಚಿಹ್ನೆ, ಬಲಭಾಗದಲ್ಲಿ ‘ಅಣ್ಣ’ ಎಂಬ ಅರ್ಥದ ಚಿಹ್ನೆ. ನೋಡಲು ಅಪ್ಪಟ ಚೀನೀ ಅಕ್ಷರವೇ. ಆದರೆ 1716ರಲ್ಲಿ ಪೂರ್ಣಗೊಂಡ, ಸುಮಾರು 47,000 ಅಕ್ಷರಗಳ ಕಾಂಗ್‌ಶಿ ನಿಘಂಟಿನಲ್ಲಿ ಅದಿಲ್ಲ. ಸುಮಾರು 50,000 ಅಕ್ಷರಗಳಿರುವ, ಜಪಾನಿನ ಮೊರೊಹಾಶಿ ಸಂಪಾದಿಸಿದ ಮಹಾನಿಘಂಟಿನಲ್ಲೂ ಇಲ್ಲ. ಹಾಗಾದರೆ ಅದು ಹುಟ್ಟಿದ್ದೆಲ್ಲಿ? ಇದಕ್ಕೆ ಉತ್ತರ ಹುಡುಕಿದವರ ಕಥೆ ಭಾಷಾಶಾಸ್ತ್ರಕ್ಕೆ ಮಾತ್ರವಲ್ಲ, ವಿಜ್ಞಾನದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದು.

ಎರಡು ಭಾಗಗಳ ಅಕ್ಷರ

ಚೀನೀ ಲಿಪಿಯಲ್ಲಿ ಬಹುಪಾಲು ಅಕ್ಷರಗಳಿಗೆ ಎರಡು ಭಾಗಗಳಿರುತ್ತವೆ. ಒಂದು ಅರ್ಥದ ಸುಳಿವು, ಇನ್ನೊಂದು ಉಚ್ಚಾರಣೆಯ ಸುಳಿವು. ಉದಾಹರಣೆಗೆ, ‘ಹೆಣ್ಣು’ ಚಿಹ್ನೆಯ ಪಕ್ಕದಲ್ಲಿ ‘ಕುದುರೆ’ ಚಿಹ್ನೆಯನ್ನು ಬರೆದರೆ ‘ತಾಯಿ’ ಎಂದಾಗುತ್ತದೆ. ಇಲ್ಲಿ ಕುದುರೆಗೆ ಕೆಲಸವೇನು? ಚೀನೀ ಭಾಷೆಯಲ್ಲಿ ಕುದುರೆಗೆ ‘ಮಾ’ ಎನ್ನುತ್ತಾರೆ. ತಾಯಿಗೂ, ಸ್ವರದ ಏರಿಳಿತವನ್ನು ಬಿಟ್ಟರೆ, ‘ಮಾ’ ಎಂದೇ ಹೆಸರು. ಕುದುರೆ ಇಲ್ಲಿ ಧ್ವನಿಯನ್ನಷ್ಟೇ ಕೊಡುತ್ತದೆ.

ಜಪಾನೀಯರು ಈ ಲಿಪಿಯನ್ನು ಚೀನಾದಿಂದ ಪಡೆದು ‘ಕಾಂಜಿ’ ಎಂದು ಕರೆದರು. ಹಾಗಾಗಿ ಜಪಾನಿನಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಓದು ಇರುತ್ತದೆ. ಒಂದು ಚೀನೀ ಮೂಲದ ಉಚ್ಚಾರಣೆ. ಇನ್ನೊಂದು ಅದೇ ಅರ್ಥದ ಅಚ್ಚ ಜಪಾನೀ ಪದ. ನಮ್ಮ ‘ಬಿಲ್ಲು–ಅಣ್ಣ’ ಅಕ್ಷರಕ್ಕೆ ಈ ನಿಯಮ ಅನ್ವಯಿಸಿದರೆ, ಅದರ ಅರ್ಥ ಬಿಲ್ಲಿಗೆ ಸಂಬಂಧಿಸಿರಬೇಕು. ಬಲಭಾಗದ ಪ್ರಕಾರ ಅದನ್ನು ಜಪಾನಿನಲ್ಲಿ ‘ಕಾ’ ಎಂದು ಓದಬೇಕು. ಅಂದರೆ ವ್ಯಾಕರಣವೆಲ್ಲ ಸರಿಯಾಗಿದೆ. ಇಲ್ಲದಿರುವುದು ಅದನ್ನು ಬಳಸಿದ ಜನ ಮಾತ್ರ.

ಕೋಷ್ಟಕಕ್ಕೆ ಸೇರಿದ ಬಗೆ

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ನಿಗದಿಯಾಗಬೇಕು. ಜಪಾನ್ ಇದಕ್ಕಾಗಿ 1978ರಲ್ಲಿ ಒಂದು ರಾಷ್ಟ್ರೀಯ ಮಾನಕವನ್ನು ಪ್ರಕಟಿಸಿತು. 94 ಸಾಲು, ಪ್ರತಿ ಸಾಲಿನಲ್ಲಿ 94 ಮನೆ, ಒಟ್ಟು 8,836 ಮನೆಗಳ ಕೋಷ್ಟಕ ಅದು. ಅದರಲ್ಲಿ 6,349 ಕಾಂಜಿಗಳಿಗೆ ಸ್ಥಾನ ದೊರೆಯಿತು. ನಮ್ಮ ಅಕ್ಷರ ಕುಳಿತದ್ದು 55ನೆಯ ಸಾಲಿನ 27ನೆಯ ಮನೆಯಲ್ಲಿ.

ಆಡಳಿತದ ಅಕ್ಷರಪಟ್ಟಿ, ವಿಮಾ ಸಂಸ್ಥೆಯೊಂದರ ವ್ಯಕ್ತಿನಾಮಗಳ ಅಕ್ಷರಪಟ್ಟಿ, ದೇಶದ ಊರು ಕೇರಿಗಳ ಹೆಸರಿನ ಕೋಶ ಮುಂತಾದವುಗಳಿಂದ ಈ ಅಕ್ಷರಗಳನ್ನು ಆರಿಸಲಾಗಿತ್ತು. ಆದರೆ ಯಾವ ಅಕ್ಷರವನ್ನು ಎಲ್ಲಿಂದ ತೆಗೆದುಕೊಂಡರು ಎಂಬುದನ್ನು ಮಾನಕದಲ್ಲಿ ಒಂದೊಂದಾಗಿ ನಮೂದಿಸಲಿಲ್ಲ. ತೊಂದರೆ ಹುಟ್ಟಿದ್ದು ಇಲ್ಲಿ. ಕೆಲವು ಅಕ್ಷರಗಳ ಮೂಲ ಯಾರಿಗೂ ತಿಳಿಯದಾಯಿತು. ಅವುಗಳಿಗೆ ‘ಯೂರೇ ಮೋಜಿ’, ಅಂದರೆ ‘ದೆವ್ವದ ಅಕ್ಷರಗಳು’ ಎಂಬ ಹೆಸರು ಬಂತು.

ದೆವ್ವಗಳ ಬೆನ್ನು ಹತ್ತಿ

1997ರಲ್ಲಿ ಮಾನಕವನ್ನು ಪರಿಷ್ಕರಿಸುವಾಗ ಶಿಬಾನೊ ಕೋಜಿ ಅವರ ನೇತೃತ್ವದ ಸಮಿತಿ ಈ ಅಕ್ಷರಗಳ ಮೂಲವನ್ನು ಶೋಧಿಸಿತು. ಅಕ್ಷರತಜ್ಞ ಸಸಹಾರಾ ಹಿರೊಯುಕಿ ಇದರಲ್ಲಿ ಮುಖ್ಯ ಪಾತ್ರ ವಹಿಸಿದರು. ಹಳೆಯ ಪಟ್ಟಿಗಳನ್ನು, ಸ್ಥಳನಾಮ ಕೋಶವನ್ನು ಪುಟಪುಟವಾಗಿ ತಿರುವಿ ಹಾಕಿದರು. ಹೆಚ್ಚಿನ ಅಕ್ಷರಗಳಿಗೆ ಮೂಲ ಸಿಕ್ಕಿತು. ಹನ್ನೆರಡು ಮಾತ್ರ ಸಮಸ್ಯೆಯಾಗಿ ಉಳಿದವು.

ಆ ಹನ್ನೆರಡರಲ್ಲಿ ಒಂದರ ಕಥೆ ಸ್ವಾರಸ್ಯಕರ. ‘ಬೆಟ್ಟ’, ಅದರ ಕೆಳಗೆ ಒಂದು ಅಡ್ಡಗೆರೆ, ಅದರ ಕೆಳಗೆ ‘ಹೆಣ್ಣು’. ಇದು ಆ ಅಕ್ಷರದ ರೂಪ. ಶಿಗಾ ಪ್ರಾಂತದ ತಾಗಾ ಪಟ್ಟಣದ ವ್ಯಾಪ್ತಿಯ ಒಂದು ಸ್ಥಳನಾಮದಲ್ಲಿ ಬೆಟ್ಟ ಮತ್ತು ಹೆಣ್ಣು ಸೇರಿದ ಅಕ್ಷರವಿದೆ, ಆದರೆ ನಡುವೆ ಗೆರೆಯಿಲ್ಲ. ಈ ಅಪರೂಪದ ಅಕ್ಷರದ ಅಚ್ಚುಮೊಳೆ ಇಲ್ಲದ್ದರಿಂದ ಎರಡು ಬೇರೆ ಅಕ್ಷರಗಳನ್ನು ಕತ್ತರಿಸಿ, ಒಂದರ ಕೆಳಗೊಂದು ಅಂಟಿಸಿದ್ದರು. ಪ್ರತಿ ತೆಗೆದಾಗ ಕಾಗದದ ಅಂಚಿನ ನೆರಳು ಗೆರೆಯಾಗಿ ಮೂಡಿತು. ನಕಲು ಮಾಡಿದವರು ಅದನ್ನೂ ಅಕ್ಷರದ ಭಾಗವೆಂದೇ ತಿಳಿದರು. ಒಂದು ನೆರಳು ಹೀಗೆ ರಾಷ್ಟ್ರೀಯ ಮಾನಕದೊಳಗೆ ಸೇರಿಹೋಯಿತು! ಪ್ರಯೋಗಶಾಲೆಯಲ್ಲಿ ಉಪಕರಣದ ದೋಷವನ್ನು ನಿಸರ್ಗದ ಗುಣವೆಂದು ಭ್ರಮಿಸುವುದೂ ಇಂಥದೇ ತಪ್ಪು.

‘ಬಿಲ್ಲು–ಅಣ್ಣ’ ಅಕ್ಷರ ಮಾತ್ರ ಈ ತನಿಖೆಗೂ ಸಿಗಲಿಲ್ಲ. ಅದು ‘ಬಲಿಷ್ಠ’ ಎಂಬ ಅರ್ಥದ ಬೇರೊಂದು ಅಕ್ಷರದ ತಪ್ಪು ನಕಲು ಇರಬಹುದೆಂಬ ಊಹೆಯಿದೆ. ಆ ಅಕ್ಷರದ ಎಡಕ್ಕೂ ಬಿಲ್ಲಿದೆ. ಬಲಕ್ಕೆ ಗಡಿಗೆರೆಗಳ ನಡುವೆ ಒಂದರ ಮೇಲೊಂದು ಎರಡು ಹೊಲಗಳ ಚಿತ್ರ. ‘ಅಣ್ಣ’ ಚಿಹ್ನೆಯಲ್ಲೂ ಒಂದೇ ಆಕೃತಿ ಒಂದರ ಮೇಲೊಂದು ಎರಡು ಸಲ ಬರುತ್ತದೆ. ಮಸುಕಾದ ಮುದ್ರಣದಲ್ಲಿ ಎರಡೂ ಒಂದೇ ಎನಿಸಬಹುದು. ಊಹೆ ಸಂಭಾವ್ಯ, ಆದರೆ ಸಾಬೀತಾಗಿಲ್ಲ.

ಅಳಿಸಲಾಗದ ತಪ್ಪು

ಭೌತವಿಜ್ಞಾನದಲ್ಲೂ ಇಂಥ ದೆವ್ವವೊಂದಿತ್ತು. 1934ರ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟಿನಲ್ಲಿ ಸಾಂದ್ರತೆಗೆ ‘ಡಾರ್ಡ್’ ಎಂಬ ಪದವಿತ್ತು. ಸಾಂದ್ರತೆಯ ಸಂಕೇತ ‘ದೊಡ್ಡ ಡಿ ಅಥವಾ ಚಿಕ್ಕ ಡಿ’ ಎಂದು ಚೀಟಿಯಲ್ಲಿ ಬರೆದದ್ದನ್ನು, ‘ಅಥವಾ’ಗೆ ಇಂಗ್ಲಿಷಿನಲ್ಲಿರುವ ‘ಆರ್’ ಸಮೇತ ಒಂದೇ ಪದವಾಗಿ ಓದಿಕೊಂಡದ್ದರ ಫಲ ಅದು. 1939ರಲ್ಲಿ ತಪ್ಪು ಕಣ್ಣಿಗೆ ಬಿತ್ತು. 1947ರ ಹೊತ್ತಿಗೆ ಪದವನ್ನು ತೆಗೆದುಹಾಕಿದರು.

ಕಂಪ್ಯೂಟರ್ ಮಾನಕದಲ್ಲಿ ಹಾಗೆ ತೆಗೆಯುವಂತಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಿಂದಕ್ಕೆ ಪಡೆದರೆ ಹಳೆಯ ಕಡತಗಳು ಕೆಡುತ್ತವೆ. ಜಪಾನಿನ ಮಾನಕದಿಂದ ಈ ಅಕ್ಷರ ವಿಶ್ವವ್ಯಾಪಿ ಯೂನಿಕೋಡಿಗೂ ಬಂತು. ಅಲ್ಲಿ ಅದರ ಸಂಖ್ಯೆ 24,385. ಜಪಾನಿನಲ್ಲಿ ‘ಕಾ’, ಚೀನಾದಲ್ಲಿ ‘ಗ’ಕಾರದಿಂದ ಆರಂಭವಾಗುವ ಓದು, ಎರಡೂ ಬಲಭಾಗವನ್ನು ನೋಡಿ ಆಮೇಲೆ ಕೊಟ್ಟವು. ಮೊದಲು ಸಂಖ್ಯೆ, ನಂತರ ಉಚ್ಚಾರಣೆ, ಅರ್ಥ ಇನ್ನೂ ಬಂದಿಲ್ಲ!

ಇದನ್ನು ಓದಿ ನಗುವ ಮುನ್ನ ನಮ್ಮ ಹಳಗನ್ನಡದ ‘ೞ’ಕಾರವನ್ನು ನೆನೆಯೋಣ. ‘ಏಳು’ ಎಂಬ ಸಂಖ್ಯಾಪದ ಒಂದು ಕಾಲಕ್ಕೆ ‘ಏೞ್’ ಆಗಿತ್ತು. ಯೂನಿಕೋಡಿನಲ್ಲಿ 3,294 ಎಂಬ ಸಂಖ್ಯೆಯ ಈ ಅಕ್ಷರಕ್ಕೆ ‘ಕನ್ನಡ ಅಕ್ಷರ ಫಾ’ ಎಂಬ ತಪ್ಪು ಹೆಸರು ಬಿದ್ದಿದೆ; ಇಂಗ್ಲಿಷಿನ ‘ಎಫ್’ ಧ್ವನಿಯ ಅಕ್ಷರವೋ ಎಂಬಂತೆ. ತಪ್ಪೆಂದು ಯೂನಿಕೋಡ್ ಸಂಸ್ಥೆಯೇ ಒಪ್ಪಿದೆ. ಆದರೆ ಹೆಸರುಗಳನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರನ್ನು ಸೇರಿಸಿ ಸುಮ್ಮನಾಗಬೇಕಾಯಿತು.

ಪ್ರಯೋಗದ ಪುಸ್ತಕದಲ್ಲಿ ಅಳತೆಯ ಜೊತೆಗೆ ಉಪಕರಣ, ದಿನಾಂಕ, ವಿಧಾನ ಎಲ್ಲವನ್ನೂ ಬರೆಯಿರಿ ಎಂದಾಗ ವಿದ್ಯಾರ್ಥಿಗಳು ಗೊಣಗುವುದುಂಟು. ಅಂಥವರಿಗೆ 55ನೆಯ ಸಾಲಿನ 27ನೆಯ ಮನೆಯ ಕಥೆ ಹೇಳಬಹುದು. ‘ಇದನ್ನು ಎಲ್ಲಿಂದ ತೆಗೆದುಕೊಂಡದ್ದು’ ಎಂಬ ಒಂದು ಸಾಲಿನ ಟಿಪ್ಪಣಿ ಅಂದು ಇದ್ದಿದ್ದರೆ, ಆ ಮನೆಯಲ್ಲಿ ದೆವ್ವ ಸೇರಿಕೊಳ್ಳುತ್ತಿರಲಿಲ್ಲ.