ಜಲ್ಲಿ ರಸ್ತೆ ಆರಿಸಿದ ಗಾಜು

ರೇಸ್ ಕಾರಿನ ಮುಂದಿನ ಗಾಜು ಎಂದರೆ ಹಗುರವಾಗಿರಬೇಕು, ಗಾಳಿಗೆ ಅಡ್ಡ ಬರಬಾರದು ಎಂಬ ತಿಳಿವಳಿಕೆ ಬಂದದ್ದು ನುಣುಪಾದ ಟ್ರ್ಯಾಕುಗಳಿಂದ. ಅಂಥ ಚರಿತ್ರೆ ತಮಿಳುನಾಡಿಗಿದೆ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ಕಾರುಗಳು ಓಡಿದವು, 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂತು. ಕರ್ನಾಟಕದಲ್ಲಿ ಕಾರಿನ ಸ್ಪರ್ಧೆ ಬೇರೂರಿದ್ದು ಮುಖ್ಯವಾಗಿ ರ‍್ಯಾಲಿಯಾಗಿ, ಮಣ್ಣಿನ ದಾರಿಯಲ್ಲಿ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ನಡೆದದ್ದು ಚಿಕ್ಕಮಗಳೂರಿನಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಒಂದು ಮುಖ್ಯ ದಾರಿ ಚನ್ನರಾಯಪಟ್ಟಣ, ಹಾಸನ, ಬೇಲೂರುಗಳ ಮೇಲೆಯೇ ಇದೆ. ಆದ್ದರಿಂದ ನಮ್ಮ ಸ್ಪರ್ಧೆಯ ಕಾರಿಗೆ ಎಂಥ ಗಾಜು ಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಟ್ರ್ಯಾಕಿನಲ್ಲಿ ಹುಡುಕುವುದಕ್ಕಿಂತ ಹಾಸನ ಸೀಮೆಯ ಬಸ್ಸು, ಲಾರಿ, ಜೀಪುಗಳ ಮುಖದಲ್ಲಿ ಹುಡುಕುವುದು ಸರಿ ಎಂದು ನಾನು ವಾದಿಸುತ್ತೇನೆ.

ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಕೆಲಸ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. ಮುಂದೆ ನಿಗಮದ ಪ್ರಾದೇಶಿಕ ಕಾರ್ಯಾಗಾರವೊಂದು ಹಾಸನಕ್ಕೂ ಬಂತು. ಆ ಕಾಲದ ಬಸ್ಸಿನ ಮುಂದೆ ಒಂದೇ ದೊಡ್ಡ ಬಾಗಿದ ಗಾಜು ಇರುತ್ತಿರಲಿಲ್ಲ. ನಡುವೆ ಒಂದು ಕಂಬ, ಎಡಕ್ಕೊಂದು ಬಲಕ್ಕೊಂದು ಚಪ್ಪಟೆ ಗಾಜು, ಸುತ್ತ ರಬ್ಬರ್ ಬೀಡಿಂಗ್. ತೋಟದ ಜೀಪುಗಳದ್ದೂ ಅದೇ ಬಗೆ. ಇದನ್ನು ಹಿಂದುಳಿದ ತಂತ್ರವೆಂದು ನೋಡುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗಿನಕಾಯಿ ಹೇರಿಕೊಂಡ ಲಾರಿಗಳು ಜಲ್ಲಿ ಎದ್ದ ರಸ್ತೆಯಲ್ಲಿ ಎದುರಾದರೆ ಚಕ್ರದಿಂದ ಕಲ್ಲು ಸಿಡಿಯುವುದು ಖಂಡಿತ. ಒಡೆದರೆ ಅರ್ಧ ಮಾತ್ರ ಒಡೆಯಬೇಕು, ಹೊಳೆನರಸೀಪುರದಂಥ ತಾಲ್ಲೂಕು ಕೇಂದ್ರದಲ್ಲೇ ಹೊಸದು ಕೂರಬೇಕು. ಎರಡು ಚಪ್ಪಟೆ ಗಾಜಿನ ಏರ್ಪಾಟಿನಲ್ಲಿ ಇದೆರಡೂ ಆಗುತ್ತಿತ್ತು.

ಗಾಜು ಹೇಗೆ ಒಡೆಯುತ್ತದೆ ಎಂಬುದು ಇದಕ್ಕಿಂತ ದೊಡ್ಡ ಮಾತು. ಕಾಯಿಸಿ ಥಟ್ಟನೆ ತಣಿಸಿದ ಟಫನ್ಡ್ ಗಾಜು ಗಟ್ಟಿ, ನಿಜ. ಆದರೆ ಚೂಪಾದ ಒಂದು ಕಲ್ಲು ತಾಗಿದರೆ ಇಡೀ ಗಾಜು ಒಮ್ಮೆಗೇ ಸಾವಿರ ಹರಳಾಗಿ ಬೆಳ್ಳಗಾಗುತ್ತದೆ. ಚಾಲಕನಿಗೆ ರಸ್ತೆಯೇ ಮಾಯ. ಲ್ಯಾಮಿನೇಟೆಡ್ ಗಾಜಿನ ಹುಟ್ಟು ಬೇರೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಅವರ ಕೈಜಾರಿ ಬಿದ್ದ ಸೀಸೆಯೊಂದು ಬಿರುಕು ಬಿಟ್ಟರೂ ಚೆದುರಲಿಲ್ಲ; ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಎರಡು ಗಾಜಿನ ನಡುವೆ ಒಂದು ಪೊರೆ ಎಂಬ ಉಪಾಯಕ್ಕೆ 1909ರಲ್ಲಿ ಪೇಟೆಂಟ್ ಬಂತು. ಮೊದಲಿನ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಪಾಲಿವಿನೈಲ್ ಬ್ಯುಟಿರಾಲ್ ಬಂದ ಮೇಲೆ ಆ ತೊಂದರೆ ತಪ್ಪಿತು. ಇಂಥ ಗಾಜಿಗೆ ಕಲ್ಲು ಬಡಿದರೆ ಅಲ್ಲೊಂದು ಜೇಡರ ಬಲೆ ಮೂಡುತ್ತದೆ, ಉಳಿದೆಡೆ ದಾರಿ ಕಾಣುತ್ತದೆ. ಭಾರತದ ಕಾನೂನು ಇದನ್ನು ಒಪ್ಪಿಕೊಂಡದ್ದು ತಡವಾಗಿ: ಕೇಂದ್ರ ಮೋಟಾರು ವಾಹನ ನಿಯಮಗಳ 1993ರ ತಿದ್ದುಪಡಿ ಮೂರು ವರ್ಷದ ಗಡುವು ಕೊಟ್ಟು, ಆಮೇಲೆ ತಯಾರಾಗುವ ವಾಹನಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕೆಂದಿತು.

ಸ್ಪರ್ಧೆಯ ಕಾರಿಗೆ ಬಸ್ಸಿನ ನ್ಯಾಯ ಯಾಕೆ ಎಂದು ಕೇಳಬಹುದು. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಹಾಳೆಯ ಸಾಂದ್ರತೆ ಗಾಜಿನ ಅರ್ಧದಷ್ಟು. ಕಲ್ಲೇಟಿಗೆ ಅದು ಚೂರಾಗುವುದೂ ಇಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸುಗಳಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಅಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಪದರ ಪದರವಾಗಿ ತೆಳು ಹಾಳೆ ಅಂಟಿಸಿ, ಕೊಳೆಯಾದಾಗ ಪಿಟ್‌ನಲ್ಲಿ ಒಂದೊಂದನ್ನೇ ಕಿತ್ತೆಸೆಯುತ್ತಾರೆ. ಮಲೆನಾಡಿನ ತೋಟದ ದಾರಿಯಲ್ಲಿ ಪಿಟ್ ಎಲ್ಲಿದೆ? ಕೆಂಪು ಧೂಳಿನ ಮೇಲೆ ವೈಪರ್ ಒಮ್ಮೆ ಆಡಿದರೆ ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆ. ಇಳಿಬಿಸಿಲು ಎದುರಾದಾಗ ಆ ಗೀರುಗಳೆಲ್ಲ ಹೊಳೆದು ಕಣ್ಣು ಕಟ್ಟುತ್ತವೆ. ಇನ್ನೂ ಒಂದು ಮಾತಿದೆ. ರ‍್ಯಾಲಿ ಕಾರು ಸಮಯ ಎಣಿಸುವ ಒಂದು ಓಟದಿಂದ, ಅಂದರೆ ಒಂದು ಸ್ಟೇಜಿನಿಂದ, ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಅದು ಎಲ್ಲ ವಾಹನಗಳ ಹಾಗೆ ಒಂದು ವಾಹನ. ನಾಲ್ಕಾರು ಕಿಲೋ ಉಳಿಸಲು ಕಣ್ಣನ್ನು ಪಣಕ್ಕಿಡುವುದು ನನಗೆ ಸರಿಯೆನಿಸುವುದಿಲ್ಲ.

ಗಾಜು ಬದಲಿಸುವ ಕೆಲಸದಲ್ಲಿ ಮಾತ್ರ ಹೊಸ ಕಾಲ ನಮ್ಮಿಂದ ಏನನ್ನೋ ಕಿತ್ತುಕೊಂಡಿದೆ. ಹಳೆಯ ಬಸ್ಸಿಗೂ, ರ‍್ಯಾಲಿಗಳಲ್ಲಿ ಬಹುಕಾಲ ಓಡಿದ ಮಾರುತಿ ಜಿಪ್ಸಿಗೂ ಕ್ರಮ ಒಂದೇ: ಬೀಡಿಂಗ್ ಅನ್ನು ಗಾಜಿನ ಸುತ್ತ ತೊಡಿಸಿ, ಅದರ ಸಂದಿನಲ್ಲಿ ಗಟ್ಟಿ ದಾರ ಕೂರಿಸಿ, ಸೋಪಿನ ನೀರು ಸವರಿ, ಒಬ್ಬ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿದ್ದರೆ ಇನ್ನೊಬ್ಬ ಒಳಗಿನಿಂದ ದಾರ ಎಳೆಯುತ್ತಾ ಬರುವುದು. ದಾರ ಬಂದಂತೆ ರಬ್ಬರಿನ ತುಟಿ ಚೌಕಟ್ಟನ್ನು ಕಚ್ಚುತ್ತದೆ, ಗಾಜು ಕೂರುತ್ತದೆ. ಇಂದಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಬೆಸೆದಿರುತ್ತಾರೆ. ತೆಗೆಯಲು ತಂತಿಯಿಂದ ಅಂಟು ಕೊಯ್ಯಬೇಕು, ಅಂಚು ಒರೆಸಿ ಪ್ರೈಮರ್ ಬಳಿಯಬೇಕು, ಹೊಸ ಅಂಟು ಬಿಗಿಯುವವರೆಗೆ ಕಾಯಬೇಕು. ಅಂಟಿದ ಗಾಜು ಬಾಡಿಗೆ ಬಲ ಕೊಡುತ್ತದೆ, ಏರ್‌ಬ್ಯಾಗಿಗೆ ಒತ್ತಾಸೆಯಾಗುತ್ತದೆ ಎಂಬ ಆಕ್ಷೇಪವನ್ನು ಮನೆಯ ಕಾರಿನ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಆದರೆ ರ‍್ಯಾಲಿ ಕಾರಿನೊಳಗೆ ಉಕ್ಕಿನ ರೋಲ್ ಕೇಜ್ ಇದೆ. ಬಾಡಿಯ ಬಲಕ್ಕೆ ಅದು ಗಾಜನ್ನು ಅಷ್ಟಾಗಿ ನೆಚ್ಚಬೇಕಿಲ್ಲ. ಸರ್ವಿಸಿಗೆ ಸಿಗುವ ಸಮಯವೋ ನಿಮಿಷಗಳ ಲೆಕ್ಕದ್ದು; ಅದಕ್ಕೆ ಬೀಡಿಂಗಿನ ಗಾಜೇ ಒಪ್ಪುತ್ತದೆ. ಬೆಂಗಳೂರು-ಹಾಸನ ಹೆದ್ದಾರಿ ನಾಲ್ಕು ಪಥವಾಗಿ ಬಸ್ಸುಗಳಿಗೆ ಕಲ್ಲಿನ ಕಾಟ ತಗ್ಗಿರಬಹುದು. ತೋಟದೊಳಗಿನ ಮಣ್ಣಿನ ದಾರಿಗೆ ಇನ್ನೂ ಡಾಂಬರು ಬಿದ್ದಿಲ್ಲ. ಅಲ್ಲಿ ಓಡುವ ಕಾರಿನ ಗಾಜಿಗೆ ಮುಂದಿನ ಚಕ್ರದ ಕಲ್ಲು ಇವತ್ತಿಗೂ ಹಳೆಯ ಬಸ್ಸಿಗೆ ಬಡಿದ ಹಾಗೆಯೇ ಬಡಿಯುತ್ತದೆ.