ಬಂಜೆಗೆ ಪುಲ್ಲಿಂಗ

ಕನ್ನಡದ ‘ಬಂಜೆ’ಗೆ ಪುಲ್ಲಿಂಗವಿಲ್ಲ. ಗುಜರಾತಿಯಲ್ಲಿ ಹೆಂಗಸಿಗೆ ‘ವಾಂಝಣಿ’, ಗಂಡಸಿಗೆ ‘ವಾಂಝಿಯೊ’. ಮಕ್ಕಳಿಲ್ಲದವರು ಕೇಳಬೇಕಾದ ಚುಚ್ಚುಮಾತಿಗೂ ಅಲ್ಲಿ ‘ವಾಂಝಿಯಾಮೇಣು’ ಎಂಬ ಪದವಿದೆ. ಎಲ್ಲದರ ಮೂಲ ಸಂಸ್ಕೃತದ ‘ವಂಧ್ಯಾ’. ಆದರೆ ಪದವಿದ್ದ ಮಾತ್ರಕ್ಕೆ ತಪಾಸಣೆ ಗಂಡಸಿನಿಂದ ಶುರುವಾಗುವುದಿಲ್ಲ. ಹರಕೆ, ಔಷಧಿ, ಮಾತು ಎಲ್ಲವೂ ಮೊದಲು ಹೆಂಡತಿಯ ಪಾಲಿಗೇ.

ಗಂಡಸಿನ ಬಂಜೆತನಕ್ಕೆ ವಂಶವಾಹಿ ಕಾರಣವೂ ಇರಬಹುದೆಂದು ತಿಳಿದದ್ದು ಈಚೆಗೆ. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರುವ ಗಂಡಸರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುತ್ತದೆಂದು 1959ರಲ್ಲಿ ಗೊತ್ತಾಯಿತು. 1976ರಲ್ಲಿ ಇಟಲಿಯ ಟಿಯೆಪೊಲೊ ಮತ್ತು ಜುಫಾರ್ಡಿ, ವೀರ್ಯಾಣುವೇ ಇಲ್ಲದ 6 ಗಂಡಸರಲ್ಲಿ ವೈ ಕ್ರೋಮೋಸೋಮಿನ ಉದ್ದ ತೋಳಿನ ತುದಿ ಕಾಣೆಯಾಗಿರುವುದನ್ನು ಕಂಡರು. ಆಗ ಅದು ಬರೀ ವಿವರಣೆ. ಆ ಕೊರತೆ ಸಾಮಾನ್ಯವಾಗಿ ಆ ಗಂಡಸಿನೊಂದಿಗೇ ಮುಗಿಯುತ್ತಿತ್ತು.

1992ರಲ್ಲಿ ಲೆಕ್ಕ ಬದಲಾಯಿತು. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ‘ಇಕ್ಸಿ’ ವಿಧಾನದಿಂದ ಮಕ್ಕಳು ಹುಟ್ಟಿದ ವರದಿ ಬ್ರಸೆಲ್ಸ್‌ನಿಂದ ಬಂತು. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಹೋಗುವಂಥದ್ದು. ಅದರ ಕೊರತೆಯೂ ಜೊತೆಗೇ ಹೋಗುತ್ತದೆ. 1996ರಲ್ಲಿ ಫೋಗ್ಟ್ ಅವರ ತಂಡ ಆ ಜಾಗವನ್ನು ಎ, ಬಿ, ಸಿ ಎಂದು ಮೂರು ಭಾಗ ಮಾಡಿತು. ಎ ಅಥವಾ ಬಿ ಪೂರ್ತಿ ಇಲ್ಲದಿದ್ದರೆ ವೃಷಣದಲ್ಲಿ ಹುಡುಕಿದರೂ ವೀರ್ಯಾಣು ಸಿಗುವ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಸಿ ಮಾತ್ರ ಇಲ್ಲದಿದ್ದರೆ ಎಷ್ಟೋ ಜನರಿಗೆ ಸಿಗುತ್ತದೆ.

ಹಾಗಾಗಿಯೇ ಎಣಿಕೆ ಶೂನ್ಯ ಅಥವಾ ತೀರಾ ಕಡಿಮೆ ಇದ್ದವರಿಗೆ ಚಿಕಿತ್ಸೆಗೆ ಮುಂಚೆ ಈ ಪರೀಕ್ಷೆ ಹೇಳುವುದು. ತೋಳಿನಿಂದ ತೆಗೆದ ರಕ್ತ ಸಾಕು. ಅಹಮದಾಬಾದಿನ ‘ಫ್ರಿಜ್’ ಮಾನವ ತಳಿವಿಜ್ಞಾನ ಸಂಸ್ಥೆಯಂಥ ಪ್ರಯೋಗಾಲಯಗಳು ಗುಜರಾತಿನಲ್ಲೇ ಇವೆ. ವಡೋದರ, ಸೂರತ್‌ನ ದಂಪತಿ ಊರು ಬಿಡಬೇಕಿಲ್ಲ, ರಕ್ತದ ಮಾದರಿ ಹೋದರಾಯಿತು. ವರದಿ ಒಬ್ಬನಿಗೆ ವ್ಯರ್ಥ ಶಸ್ತ್ರಚಿಕಿತ್ಸೆಯನ್ನೂ, ಅವನ ಹೆಂಡತಿಗೆ ತಿಂಗಳುಗಟ್ಟಲೆ ಇಂಜೆಕ್ಷನ್ನನ್ನೂ ತಪ್ಪಿಸಬಹುದು. ಇನ್ನೊಬ್ಬನಿಗೆ ಅದು ಪ್ರಶ್ನೆಯನ್ನೇ ಎದುರಿಗಿಡುತ್ತದೆ: ಮಗ ಹುಟ್ಟಿದರೆ ಅವನಿಗೂ ಇದೇ ಪಾಡು, ಗೊತ್ತಿದ್ದೂ ಮುಂದುವರಿಯುವುದೇ? ದಾನಿಯ ವೀರ್ಯವೇ? ದತ್ತು ಮಗುವೇ?

2021ರ ಕಾಯ್ದೆ ಇಂಥ ದಂಪತಿಗೆ ಆಪ್ತಸಲಹೆ ಕೊಡುವುದನ್ನು ಕ್ಲಿನಿಕ್ಕಿನ ಕರ್ತವ್ಯವಾಗಿಸಿದೆ. ಸಲಹೆಗೆ ಭಾಷೆ ಬೇಕು. ಕನ್ನಡದಲ್ಲಿ ಸುಲಭವಾಗಿ ಕೈಗೆ ಸಿಗುವ ‘ಷಂಡ’, ‘ನಪುಂಸಕ’ ಎರಡೂ ಬೈಗುಳ, ಎರಡೂ ತಪ್ಪು: ಈ ಗಂಡಸರ ದಾಂಪತ್ಯದಲ್ಲಿ ಕೊರತೆಯೇನೂ ಇಲ್ಲದಿರಬಹುದು. ‘ನಿಮ್ಮ ವೀರ್ಯದಲ್ಲಿ ವೀರ್ಯಾಣು ಇಲ್ಲ, ಅದಕ್ಕೆ ಕಾರಣ ಹುಟ್ಟಿನಿಂದ ಬಂದದ್ದು, ತಪ್ಪು ಯಾರದ್ದೂ ಅಲ್ಲ’ ಎಂದರೆ ಉದ್ದವಾದೀತು, ಆದರೆ ಹೆಂಡತಿಯ ತಲೆಯ ಮೇಲಿದ್ದ ಹಳೆಯ ಪದ ಅಷ್ಟರಿಂದ ಇಳಿಯುತ್ತದೆ.