ಯುಗಾಂತರ್ ಚಲನಚಿತ್ರ ಬಳಗ

1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ತ್ರೀವಾದಿ ಸಾಕ್ಷ್ಯಚಿತ್ರ ತಂಡ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಇದರ ಸ್ಥಾಪಕರು. 1983ರ ಹೊತ್ತಿಗೆ ಬಳಗ ತಯಾರಿಸಿದ್ದು ನಾಲ್ಕೇ ಚಿತ್ರ. ಕರ್ನಾಟಕದ ಮಟ್ಟಿಗೆ ಅವುಗಳಲ್ಲಿ ಮುಖ್ಯವಾದದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳನ್ನು ಕುರಿತ ‘ತಂಬಾಖೂ ಚಾಕೀಲಾ ಊಬ್ ಆಲೀ’ (1982).

ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಪೇಟೆ. ಮರಾಠಿ ಮಾತಾಡುವವರೇ ಹೆಚ್ಚಿರುವ ಗಡಿ ಊರಾದ್ದರಿಂದ ಚಿತ್ರವೂ ಮರಾಠಿಯಲ್ಲಿದೆ. 1981ರಲ್ಲಿ ತಂಬಾಕು ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿ ತಡೆದು ಕೂತಾಗ ಪೊಲೀಸರು ಗುಂಡು ಹಾರಿಸಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದೇ ತಂಬಾಕನ್ನು ಕಾರ್ಖಾನೆಯೊಳಗೆ ಕುಟ್ಟಿ, ಜರಡಿ ಹಿಡಿದು ಹಸನು ಮಾಡುತ್ತಿದ್ದ ಹೆಂಗಸರ ಗೋಳು ಅಷ್ಟಾಗಿ ಹೊರಬಂದಿರಲಿಲ್ಲ. ಮೂಗುಬಾಯಿಗೆ ಸೆರಗು ಸುತ್ತಿಕೊಂಡರೂ ತಪ್ಪದ ಧೂಳು, ಘಾಟು, ಕೆಮ್ಮು. ಹೊತ್ತುಗೊತ್ತಿಲ್ಲದ ದುಡಿತ, ಪುಡಿಗಾಸಿನ ಕೂಲಿ. ಇದರ ವಿರುದ್ಧ ಅವರು ಸಂಘ ಕಟ್ಟಿದ್ದರು, ಮುಷ್ಕರ ಹೂಡಿದ್ದರು.

ಬಳಗ ಅಲ್ಲಿ ಸುಮಾರು ನಾಲ್ಕು ತಿಂಗಳು ಕಳೆಯಿತು. ಚಿತ್ರಕಥೆ ಸಿದ್ಧವಾದದ್ದು ಕಾರ್ಮಿಕರ ಜೊತೆ ಕೂತು ಆಡಿದ ಮಾತುಗಳಿಂದ. ಯಾವುದನ್ನು ಚಿತ್ರೀಕರಿಸಬೇಕು ಎಂಬುದರಲ್ಲೂ ಅವರದೇ ಮುಂದಾಳತ್ವ. ಕ್ಯಾಮೆರಾ ಕಾರ್ಖಾನೆಯ ಒಳಕ್ಕೂ ಹೋಯಿತು. ಆಗಲೇ ನಡೆದುಹೋಗಿದ್ದ ಹೋರಾಟದ ಮೊದಲ ಹೆಜ್ಜೆಗಳನ್ನು ಹೆಂಗಸರು ತಾವೇ ಮತ್ತೆ ಅಭಿನಯಿಸಿ ತೋರಿಸಿದರು. ಸಾಕ್ಷ್ಯಚಿತ್ರದಲ್ಲಿ ಅಭಿನಯವೇ ಎಂದು ಹುಬ್ಬೇರಿಸುವವರು ಉಂಟು. ಆದರೆ ಸರ್ಕಾರಿ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳಲ್ಲಿ ಗಂಭೀರ ಗಂಡುದನಿಯೊಂದು ಎಲ್ಲರ ಪರವಾಗಿ ವಿವರಣೆ ಒಪ್ಪಿಸುತ್ತಿದ್ದ ಕಾಲವದು. ಅದರ ಪಕ್ಕಕ್ಕಿಟ್ಟು ನೋಡಿದರೆ ಈ ಹೆಂಗಸರ ಮಾತಿಗೆ ಇರುವ ಕಸುವೇ ಬೇರೆ. ಬಳಗದ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದರೂ ಈ ಚಿತ್ರದ ಮಟ್ಟಿಗೆ ನಿಪ್ಪಾಣಿಯ ಕಾರ್ಮಿಕರನ್ನು ಸಹನಿರ್ಮಾತೃಗಳೆಂದೇ ಎಣಿಸಬೇಕು.

ಉಳಿದ ಮೂರು ಚಿತ್ರಗಳಲ್ಲಿ ‘ಮೋಲ್ಕರೀಣ್’ (1981) ಪುಣೆಯ ಮನೆಗೆಲಸದ ಹೆಂಗಸರು ಸಂಘಟಿತರಾದದ್ದನ್ನು ಹೇಳುತ್ತದೆ. ತೆಲುಗಿನ ‘ಇದಿ ಕಥಾ ಮಾತ್ರಮೇನಾ’ (1983) ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯೊಡನೆ ಮಾಡಿದ ಕಥಾಚಿತ್ರ. ವಸ್ತು ಮನೆಯೊಳಗಿನ ಹಿಂಸೆ. ‘ಸುದೇಶಾ’ (1983) ಕಾಡು ಉಳಿಸುವ ಚಿಪ್ಕೋ ಚಳವಳಿಯ ಹೆಣ್ಣುಮಗಳೊಬ್ಬಳ ಕುರಿತದ್ದು.

ಮುಂದೆ ಆಭಾ ಭೈಯಾ ದೆಹಲಿಯ ಜಾಗೋರಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ದೀಪಾ ಧನರಾಜ್ ಕುಟುಂಬ ಯೋಜನೆಯ ದಬ್ಬಾಳಿಕೆ ಕುರಿತ ‘ಸಮ್‌ಥಿಂಗ್ ಲೈಕ್ ಎ ವಾರ್’ (1991), ದಲಿತ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ಹೋರಾಟ ಕುರಿತ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ (2018) ಮುಂತಾದ ಚಿತ್ರಗಳನ್ನು ನಿರ್ದೇಶಿಸಿದರು. ಮಣಿ ಕೌಲ್ ಅವರ ‘ದುವಿಧಾ’ಕ್ಕೆ ಛಾಯಾಗ್ರಾಹಕರಾಗಿದ್ದ ನವ್ರೋಜ್ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬಳಗದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ.